ಮೀಸೆಯಿಲ್ಲದ ನಾಲ್ಕು ದಿನ

ರಾತ್ರಿ ಪಾಳಿ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದ ಮಹಡಿ ಮನೆಯ ನರ್ಸು, ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸುತ್ತಲೇ, "ಅಕ್ಕಾ, ಮೀಸೆ ತೆಗೆದ ಮೇಲೆ ನಿಮ್ಮ ಯಜಮಾನ್ರು ಹತ್ತು ವರ್ಷ ಚಿಕ್ಕೋರಾಗಿಬಿಟ್ಟಿದ್ದಾರೆ ನೋಡಿ. ಭಾನುವಾರ ನಲ್ಲಿ ಹತ್ರ ನಿಂತಿದ್ರಲ್ಲ, ನಿಮ್ಮ ತಮ್ಮ ಯಾರೋ ಬಂದಿದ್ದಾರೆ ಅಂದ್ಕೊಂಡೆ," ಅಂದಳು. ಮೆಟ್ಟಿಲಿಳಿಯುತ್ತಿದ್ದ ಟೀಚರು ಒಂದು ಕ್ಷಣವೂ ತಡೆಯದೆ, "ಹೂಂ ಮತ್ತೆ, ನಾನೇ ಹೇಳಿ ತೆಗೆಸಿದ್ದು. ಎಷ್ಟು ದಿನದಿಂದ ಹೇಳ್ತಿದ್ದೆ," ಅಂದುಬಿಟ್ಟಳು. ಅಂದು, ನಕ್ಕು, ಗೇಟು ದಾಟಿ, ಬೀದಿಯ ತಿರುವಿನವರೆಗೂ ಅದೇ ನಗುಮುಖದಲ್ಲಿ ನಡೆದಳು. ತಿರುವಿನಲ್ಲಿ ಕಾಲು ತಾನಾಗಿ ನಿಧಾನವಾಯಿತು. ಇವತ್ತು ಗುರುವಾರ. ಮೂರನೇ ತರಗತಿಯ ಮಕ್ಕಳು ಎಣಿಸುವ ಹಾಗೆ ಬೆರಳು ಮಡಚಿ ಎಣಿಸಿದಳು. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ. ನಾಲ್ಕು ಬೆರಳು ಮಡಚಿ ಹೆಬ್ಬೆರಳು ಒಂಟಿಯಾಗಿ ನಿಂತಿತು. ವಾಪಸು ಹೋಗಬಹುದಿತ್ತು. ಆದರೆ ಹೋಗಿ ಏನು ಮಾಡುವುದು? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡಿ ಬರುವವರ ಹಾಗೆ ಬಾಗಿಲು ತಟ್ಟಿ ಗಂಡನ ಮುಖ ನೋಡಿ ಬರುವುದೇ? ಅಷ್ಟರಲ್ಲಿ ಬಸ್ಸು ಬಂತು.

ಕಿಟಕಿ ಪಕ್ಕ ಕೂತು ಬೆಳಿಗ್ಗೆಯನ್ನು ಮತ್ತೆ ಮೊದಲಿನಿಂದ ನೆನೆಯಲು ನೋಡಿದಳು. ಅವನು ಅವಳಿಗಿಂತ ಮೊದಲೇ ಎದ್ದು ಹಾಲು ಕಾಯಿಸಿದ್ದ. ಅವಳು ಉತ್ತರಪತ್ರಿಕೆಗಳ ಕಟ್ಟನ್ನು ಚೀಲಕ್ಕೆ ತುರುಕುತ್ತಿದ್ದಾಗ ಊಟದ ಡಬ್ಬಿ ತಂದು ಕೊಟ್ಟಿದ್ದ. ಡಬ್ಬಿ ಹಿಡಿದ ಕೈ ನೆನಪಿತ್ತು. ಹೆಬ್ಬೆರಳಿನ ಉಗುರ ಬುಡದಲ್ಲಿ ಎಷ್ಟು ತಿಕ್ಕಿದರೂ ಹೋಗದ ನೀಲಿ ಬಣ್ಣವೂ ನೆನಪಿತ್ತು. "ಕೊಡೆ ತಗೊಂಡ್ಯಾ?" ಎಂದು ಕೇಳಿದ ದನಿ ಕಿವಿಯಲ್ಲೇ ಇತ್ತು. ಆದರೆ ದನಿ ಹೊರಟ ಬಾಯಿ? ಅದರ ಮೇಲೆ ಮೀಸೆ ಇತ್ತು. ಖಂಡಿತ ಇತ್ತು. ನೆನೆದಷ್ಟೂ ಅದು ಸ್ಪಷ್ಟವಾಗುತ್ತಲೇ ಹೋಯಿತು: ಎರಡೂ ತುದಿ ಸರಿಸಮ ಕತ್ತರಿಸಿದ, ನಡುವೆ ನಾಲ್ಕು ಬಿಳಿ ಕೂದಲಿನ, ಟೀ ಕುಡಿದ ಮೇಲೆ ಒಂದು ಸಲ ಬೆರಳಿನಿಂದ ಸವರಿಕೊಳ್ಳುವ ಆ ಮೀಸೆ. ಹಾಗಾದರೆ ನರ್ಸು ನಿದ್ದೆಗಣ್ಣಲ್ಲಿ ಬೇರೆ ಯಾರನ್ನೋ ನೋಡಿರಬೇಕು. ಹಾಗೆಂದು ಸಮಾಧಾನ ಮಾಡಿಕೊಂಡ ಮರುಗಳಿಗೆಯೇ, ತಾನು ನೆನೆಯುತ್ತಿರುವುದು ಈ ಬೆಳಗಿನ ಮೀಸೆಯನ್ನೋ, ಕಳೆದ ವರ್ಷದ್ದನ್ನೋ, ಮಗಳ ಮದುವೆಯ ಫೋಟೋದಲ್ಲಿರುವುದನ್ನೋ ಹೇಳಲಾಗದೆ ಹೋದಳು. ಮಗಳು ಮದುವೆಯಾಗಿ ಹೋದ ಮೇಲೆ ಅಡುಗೆಮನೆಯ ಮೇಜನ್ನು ಗೋಡೆಗೆ ಒತ್ತಿ ಹಾಕಿದ್ದರು, ಓಡಾಡಲು ಜಾಗವಾಗಲಿ ಎಂದು. ಅಂದಿನಿಂದ ಇಬ್ಬರೂ ಅಕ್ಕಪಕ್ಕ ಕೂತು ಗೋಡೆ ನೋಡುತ್ತ ಉಣ್ಣುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಈ ತಿಂಗಳು ಒಂದು ಕುದುರೆಯ ಚಿತ್ರವಿದೆ. ಕುದುರೆಯ ಮುಂಗಾಲಿನ ಬಿಳಿ ಪಟ್ಟೆ ಮೊಣಕಾಲಿನವರೆಗೂ ಇಲ್ಲ, ಅರ್ಧಕ್ಕೇ ನಿಂತಿದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಪ್ಪತ್ತಾರು ವರ್ಷದ ಹಿಂದೆ ಶಾಲೆಯ ಗೇಟಿಗೆ ಹೆಸರು ಬರೆಯಲು ಬಂದವನು ಅವನು. ಎರಡು ದಿನ ಏಣಿಯ ಮೇಲೆಯೇ ಇದ್ದ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವಳು ಮಕ್ಕಳನ್ನು ಸಾಲಾಗಿ ಹೊರಗೆ ಕರೆದುಕೊಂಡು ಹೋಗುವಾಗ, ಮೇಲಿನಿಂದ, "ಟೀಚರೇ, ನಿಮ್ಮ ಚಪ್ಪಲಿ ಎಡಗಾಲಿಂದು ಒಂದು ಸೈಜು ದೊಡ್ಡದು," ಅಂದಿದ್ದ. ಮಕ್ಕಳೆಲ್ಲ ಹೋ ಎಂದು ನಕ್ಕಿದ್ದರು. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಸಂಜೆ ಮನೆಗೆ ಹೋಗಿ ನೋಡಿದರೆ ನಿಜ. ಅಂಗಡಿಯವನು ಜೋಡಿ ತಪ್ಪಿಸಿ ಕೊಟ್ಟಿದ್ದ, ಒಂದು ತಿಂಗಳು ಅವಳು ಹಾಗೇ ನಡೆದಿದ್ದಳು. ಮರುದಿನ ಇಳಿದು ಬಂದವನನ್ನು, "ನಿಮಗೆ ಅಷ್ಟು ಮೇಲಿಂದ ಹೇಗೆ ಕಾಣ್ತು?" ಎಂದು ಕೇಳಿದ್ದಳು. "ಅಕ್ಷರ ಬರೆಯೋನು ಅಕ್ಷರ ನೋಡಲ್ಲ, ಎರಡು ಅಕ್ಷರದ ಮಧ್ಯೆ ಇರೋ ಜಾಗ ನೋಡ್ತಾನೆ. ನಿಮ್ಮ ಹಿಮ್ಮಡಿ ಹಿಂದೆ ಜಾಗ ಜಾಸ್ತಿ ಇತ್ತು," ಅಂದಿದ್ದ. ಅಂಥವನ ಹೆಂಡತಿ ತಾನು. ಕಂಡಕ್ಟರು ಎರಡನೇ ಸಲ "ಟಿಕೆಟ್ ಮೇಡಂ" ಅಂದಾಗ ಬೆಚ್ಚಿಬಿದ್ದು ಪಾಸು ತೋರಿಸಿದಳು.

ಅವತ್ತೇ ಆ ಪಾಠ ಬರಬೇಕೇ! ಬೇರೆ ಯಾವ ದಿನವಾದರೂ ಆಗಿದ್ದರೆ ಮಗ್ಗಿಯಲ್ಲೋ ಕಾಗುಣಿತದಲ್ಲೋ ತಲೆ ತೂರಿಸಿ ಕೂರಬಹುದಿತ್ತು. ಕರಿಹಲಗೆಯ ಮೇಲೆ 'ನಮ್ಮ ಕಣ್ಣು' ಎಂದು ಬರೆದು ತಿರುಗಿದಾಗ ಮೂವತ್ತೊಂದು ಮಕ್ಕಳ ಅರವತ್ತೆರಡು ಕಣ್ಣು ಅವಳ ಮೇಲಿದ್ದವು. ವಾರದ ಹಿಂದೆಯೇ ತಯಾರು ಮಾಡಿಟ್ಟ ರಟ್ಟಿನ ಚೀಟಿಗಳನ್ನು ಹಂಚಿದಳು. ಪ್ರತಿ ಚೀಟಿಯ ಎಡಕ್ಕೆ ಒಂದು ಗುಣಿಸುವ ಗುರುತು, ನಾಲ್ಕು ಬೆರಳು ಬಿಟ್ಟು ಬಲಕ್ಕೆ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಿಸುವ ಗುರುತನ್ನೇ ನೋಡುತ್ತ, ಚೀಟಿಯನ್ನು ಮೆಲ್ಲಗೆ ಮುಖದ ಹತ್ತಿರ ತನ್ನಿ ಅಂದಳು. ಸ್ವಲ್ಪ ಹೊತ್ತು ಕೋಣೆಯಲ್ಲಿ ಉಸಿರಾಟ ಮಾತ್ರ. ಆಮೇಲೆ ಒಂದು ಮೂಲೆಯಿಂದ, "ಮಿಸ್! ಚುಕ್ಕೆ ಓಡಿಹೋಯ್ತು!" ಎಂಬ ಕೂಗು, ಅದರ ಹಿಂದೆಯೇ ಹತ್ತು ಹದಿನೈದು ಕೂಗು. ಒಬ್ಬ ಚೀಟಿ ತಿರುಗಿಸಿ ಬೆನ್ನು ನೋಡಿದ, ಇನ್ನೊಬ್ಬಳು ಬಗ್ಗಿ ಬೆಂಚಿನ ಕೆಳಗೆ ಹುಡುಕಿದಳು.

"ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ನಮ್ಮ ಕಣ್ಣಿನ ಒಳಗೆ ಒಂದು ಸಣ್ಣ ಜಾಗ ಇದೆ. ಅಲ್ಲಿಗೆ ಬಿದ್ದದ್ದು ನಮಗೆ ಕಾಣಲ್ಲ."

"ಹಾಗಾದ್ರೆ ಅಲ್ಲಿ ತೂತು ಕಾಣ್ಬೇಕಲ್ವಾ ಮಿಸ್? ಬಿಳಿ ಯಾಕೆ ಕಾಣುತ್ತೆ?" ಎಂದು ಕೇಳಿದ್ದು ಪಶುವೈದ್ಯರ ಮಗಳು, ಏನು ಹೇಳಿದರೂ ಇನ್ನೊಂದು ಪ್ರಶ್ನೆ ಇಟ್ಟುಕೊಂಡೇ ಇರುವವಳು.

"ಸುತ್ತ ಏನಿದೆಯೋ ಅದನ್ನೇ ಮಿದುಳು ಅಲ್ಲಿಗೂ ಬಳಿದುಬಿಡುತ್ತೆ. ಸುತ್ತ ಬಿಳಿ ಇದ್ರೆ ಬಿಳಿ."

"ಅಂದ್ರೆ ಸುಳ್ಳು ಹೇಳುತ್ತಾ ಮಿಸ್?"

"ಸುಳ್ಳು ಅಂತಲ್ಲ," ಅಂದಳು ಟೀಚರು. ಬಾಟಲಿ ಬಿಚ್ಚಿ ನೀರು ಕುಡಿದಳು. "ಅದಕ್ಕೆ ಪುರುಸೊತ್ತಿರಲ್ಲ. ಇರಬೇಕು ಬಿಡು ಅಂತ ತಿಳ್ಕೊಳುತ್ತೆ."

ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚುವ ಮೊದಲು ನೀರಿನ ಟ್ಯಾಂಕಿನ ಹಿಂದೆ ಹೋಗಿ ಮಗಳಿಗೆ ಫೋನು ಮಾಡಿದಳು. ಮಗಳು ಬೇರೆ ಊರಿನಲ್ಲಿ ರೈಲು ಟಿಕೆಟ್ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಅಲ್ಲೂ ಊಟದ ಹೊತ್ತು. ನೇರವಾಗಿ ಕೇಳಲು ನಾಚಿಕೆಯಾಗಿ, "ಅಪ್ಪನ ಹತ್ರ ಮಾತಾಡಿದ್ಯಾ ಈ ವಾರ?" ಎಂದು ಸುತ್ತಿ ಬಳಸಿ ಶುರು ಮಾಡಿದಳು. ಆ ಕಡೆ ಕಿಸಕ್ಕನೆ ನಗು.

"ಅಂತೂ ಗೊತ್ತಾಯ್ತಾ ಅಮ್ಮಾ? ಭಾನುವಾರವೇ ವಿಡಿಯೋದಲ್ಲಿ ತೋರಿಸಿದ್ರು. ನಿಮ್ಮಮ್ಮ ಈ ವಾರ ಮಕ್ಕಳಿಗೆ ಕಣ್ಣಿನ ಪಾಠ ಮಾಡ್ತಾಳಂತೆ, ಅದಕ್ಕೆ ನಾನೂ ಅವಳಿಗೊಂದು ಪರೀಕ್ಷೆ ಇಟ್ಟಿದ್ದೀನಿ, ನೀನು ಬಾಯಿ ಬಿಡಬೇಡ ಅಂದ್ರು."

"ನೀನೂ ಸೇರ್ಕೊಂಡ್ಯಾ?"

"ಮತ್ತೇನು ಮಾಡ್ಲಿ? ದಿನಾ ಸಂಜೆ ಕೇಳ್ತಿದ್ದೆ, ಆಯ್ತಾ ಅಪ್ಪ ಅಂತ. ಇಲ್ಲ, ಇವತ್ತೂ ಫೇಲು ಅಂತ ನಗ್ತಿದ್ರು. ಸೋಮವಾರ ನಿನ್ನ ಎದುರಿಗೇ ನಿಂತು ಮುಖ ಒರೆಸ್ಕೊಂಡ್ರಂತೆ. ನೀನು, ಸ್ವಲ್ಪ ಪಕ್ಕಕ್ಕೆ ಬನ್ನಿ ಬೆಳಕು ಅಡ್ಡ ಆಗುತ್ತೆ ಅಂದ್ಯಂತೆ." ಮಗಳ ನಗು ಮುಗಿಯಿತು. "ನಿನ್ನೆ ಮಾತ್ರ ನಗಲಿಲ್ಲಮ್ಮ. ಬಿಡು ಪುಟ್ಟಿ, ಅವಳಿಗೆ ಕೆಲಸ ಜಾಸ್ತಿ ಅಂದ್ರು. ಅಷ್ಟೇ."

ಟ್ಯಾಂಕಿನ ಗೋಡೆಗೆ ಒರಗಿ ಅವಳು ತುಂಬ ಹೊತ್ತು ನಿಂತಳು. ಬೆಳಕು ಅಡ್ಡ ಆಗುತ್ತೆ ಅಂದದ್ದು ನೆನಪಿತ್ತು. ಅವತ್ತು ಕೈಯಲ್ಲಿದ್ದ ಉತ್ತರಪತ್ರಿಕೆಯೂ ನೆನಪಿತ್ತು. ಯಾರೋ 'ಹಸು' ಎಂದು ಬರೆಯುವಲ್ಲಿ 'ಹುಸಿ' ಎಂದು ಬರೆದಿದ್ದರು, ಅವಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಇಡೀ ಲೋಕದ ತಪ್ಪೆಲ್ಲ ಕಣ್ಣಿಗೆ ಬೀಳುತ್ತದೆ ತನಗೆ. ಪಕ್ಕಕ್ಕೆ ಸರಿದು ಬೆಳಕು ಬಿಟ್ಟವನು ಆಗ ಏನು ಮಾಡಿದ, ಕನ್ನಡಿಗೆ ಹೋಗಿ ತನ್ನ ಮುಖ ತಾನೇ ನೋಡಿಕೊಂಡನೇ, ಅದು ಗೊತ್ತಿಲ್ಲ. ನಾಲ್ಕು ದಿನ ಹೋಗಲಿ, ಇದಕ್ಕೆ ಮೊದಲು ಇನ್ನೇನು ಕಾಣದೆ ಹೋಯಿತೋ, ಎಷ್ಟು ವರ್ಷದ್ದೋ. ಡಬ್ಬಿ ಬಿಚ್ಚಿದಳು. ಹೆಚ್ಚಿ ಹಾಕಿದ ಸೌತೆಕಾಯಿ ಒಂದೊಂದು ಒಂದೊಂದು ದಪ್ಪಕ್ಕೆ ಇತ್ತು, ಕೆಲವು ಅಂಚು ಹರಿದು ಹೋಗಿದ್ದವು. ಅವಸರದಲ್ಲಿ ಹೆಚ್ಚಿದ್ದಾನೆ ಅಂದುಕೊಂಡು ತಿಂದಳು.

ಮಧ್ಯಾಹ್ನದ ಪಾಠಕ್ಕೆ ಪುಸ್ತಕ ತೆಗೆಯಲೇ ಇಲ್ಲ. ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿದಳು. ನಾನು ನೂರು ಎಣಿಸುವವರೆಗೂ ಮಾತಿಲ್ಲ, ನಗುವಿಲ್ಲ, ಎದುರಿಗಿರುವವರನ್ನು ನೋಡಬೇಕು, ಆಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಕಂಡದ್ದನ್ನು ಹೇಳಬೇಕು ಅಂದಳು. ಮೂವತ್ತೆರಡರಲ್ಲಿ ಒಬ್ಬ ಜ್ವರ ಬಂದು ಮನೆಯಲ್ಲಿದ್ದುದರಿಂದ ಲೆಕ್ಕ ಕೂಡದೆ ಒಬ್ಬಳು ಉಳಿದಳು. ಉಳಿದವಳು ಪಿಸುಮಾತು. ಅದು ಮಕ್ಕಳಿಟ್ಟ ಹೆಸರು. ಜೋರಾಗಿ ಹೇಳು ಎಂದು ಮೂರು ಸಲ ಅಂದರೂ ಮೊದಲ ಬೆಂಚು ದಾಟದ ದನಿ ಅವಳದು. ಆರು ತಿಂಗಳಲ್ಲಿ ಟೀಚರು ಆಕೆಗೆ ಹೇಳಿದ ಮಾತೆಲ್ಲ ಕೂಡಿಸಿದರೆ "ಜೋರಾಗಿ" ಎಂಬ ಒಂದೇ ಶಬ್ದ ಬರುತ್ತಿತ್ತೇನೋ. "ನಾನೇ ಬರ್ತೀನಿ ನಿನ್ನ ಜೋಡಿಗೆ," ಎಂದು ಟೀಚರು ಕುರ್ಚಿ ಬಿಟ್ಟು ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಳು.

ಎಣಿಸುತ್ತ ನೋಡುವುದು ಕಷ್ಟವಾಯಿತು. ಹತ್ತರ ಹೊತ್ತಿಗೆ ಹುಡುಗಿಯ ಹುಬ್ಬಿನಲ್ಲಿ ಒಂದು ಗಾಯದ ಗುರುತು ಕಂಡಿತು, ಅಲ್ಲಿ ಮಾತ್ರ ಕೂದಲಿರಲಿಲ್ಲ. ಇಪ್ಪತ್ತಕ್ಕೆ, ಕೆಳಗಿನ ಹಲ್ಲೊಂದು ಹೊಸದಾಗಿ ಗರಗಸದಂಥ ಅಂಚಿನೊಂದಿಗೆ ಮೇಲೆ ಬರುತ್ತಿರುವುದು. ಮೂವತ್ತಕ್ಕೆ, ತಲೆ ಕೊಂಚ ಹೊರಳಿದಾಗ, ಕಿವಿಯ ಹಿಂದೆ ಒಣಗಿದ ಸೋಪಿನ ಬಿಳಿ. ತಾನೇ ಸ್ನಾನ ಮಾಡಿಕೊಂಡು ಬರುತ್ತಾಳೆ ಪಾಪ, ಯಾರೂ ನೀರು ಹಾಕುವವರಿಲ್ಲ. ನಲವತ್ತರ ಹೊತ್ತಿಗೆ ಎಣಿಕೆ ತಪ್ಪಿತು. ಆಗಲೇ ಹೆಡ್ ಮೇಡಂ ಬಾಗಿಲಲ್ಲಿ ನಿಂತು, "ಏನು ಟೀಚರ್, ಎಲ್ಲಾ ಗೊಂಬೆ ಆಗಿದ್ದೀರಾ? ಪಾಠ ಇಲ್ವಾ ಇವತ್ತು?" ಅಂದದ್ದು. ಮಂಡಿ ಬೆಂಚಿಗೆ ತಾಗಿ ಅವಳಿಗೆ ಬೇಗ ಏಳಲಾಗಲಿಲ್ಲ. "ಇದೇ ಪಾಠ ಮೇಡಂ, ನೋಡೋ ಪಾಠ," ಎಂದು ತೊದಲಿದಳು. ಮಕ್ಕಳಲ್ಲಿ ಯಾರೋ ಮುಸಿ ಮುಸಿ ನಕ್ಕರು. ಹೆಡ್ ಮೇಡಂ ಕನ್ನಡಕ ಮೂಗಿಗಿಳಿಸಿ ಮಕ್ಕಳನ್ನೊಮ್ಮೆ, ಬೆಂಚಿನಲ್ಲಿ ಸಿಕ್ಕಿಕೊಂಡ ಟೀಚರನ್ನೊಮ್ಮೆ ನೋಡಿ, "ನೋಡಿ ನೋಡಿ," ಎಂದು ಹೋದರು.

ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ಹುಡುಗಿಯ ಪುಟ್ಟ ಬೆನ್ನಿನ ಬಿಸಿ ತಾಗಿತು. "ನೀನು ಮೊದಲು ಹೇಳು," ಅಂದಳು ಟೀಚರು. ಮುಖ ಕಾಣದಿದ್ದುದಕ್ಕೋ ಏನೋ, ದನಿ ಸಲೀಸಾಗಿ ಬಂತು.

"ನಿಮ್ಮ ಒಂದು ಕಣ್ಣಲ್ಲಿ ಕೆಂಪು ಗೆರೆ ಇದೆ ಮಿಸ್. ಕನ್ನಡಕ ಜಾರಿದಾಗ ಮೂಗಿನ ಮೇಲೆ ಅದರ ಎರಡು ಗುಳಿ ಕಾಣುತ್ತೆ. ಗಲ್ಲದಲ್ಲಿ ಒಂದು ಬಿಳಿ ಕೂದಲಿದೆ." ಸ್ವಲ್ಪ ತಡೆದು, "ಇವತ್ತು ನೀವು ನನ್ನನ್ನ ನೋಡಿದ್ರಿ."

"ದಿನಾ ನೋಡಲ್ವಾ?"

"ದಿನಾ ನಮ್ಮ ಹಿಂದಿನ ಗಡಿಯಾರ ನೋಡ್ತೀರಿ ಮಿಸ್. ನಾವು ಕೆಳಗೆ ಇರ್ತೀವಿ."

ಅದರಲ್ಲಿ ದೂರಿರಲಿಲ್ಲ. ಗಲ್ಲದ ಬಿಳಿ ಕೂದಲಿನ ಹಾಗೆಯೇ ಅದೂ ಕಂಡ ಸಂಗತಿ. ಟೀಚರ ಮುಖ ಬಿಸಿಯಾಯಿತು. ಸದ್ಯ, ಬೆನ್ನು ತಿರುಗಿಸಿ ಕೂತಿದ್ದೇನೆ ಅಂದುಕೊಂಡಳು. "ಇಷ್ಟೆಲ್ಲ ಹೇಗೆ ನೋಡಿದೆ ನೀನು?" ಎಂದು ಕೇಳಿದಳು. "ಮೊದಲು ಅಲ್ಲಾಡೋದನ್ನ ನೋಡ್ಬೇಕು ಮಿಸ್. ಅಲ್ಲಾಡದೇ ಇರೋದು ಆಮೇಲೂ ಅಲ್ಲೇ ಇರುತ್ತೆ," ಅಂದಳು ಪಿಸುಮಾತು. ಟೀಚರು ತಾನು ಕಂಡದ್ದನ್ನು ಹೇಳಿದಳು: ಹುಬ್ಬಿನ ಗಾಯ, ಹೊಸ ಹಲ್ಲು. ಸೋಪಿನದು ಹೇಳಲಿಲ್ಲ. ಗಂಟೆ ಹೊಡೆದ ಮೇಲೆ ಹುಡುಗಿಯನ್ನು ನಲ್ಲಿಯ ಹತ್ತಿರ ಕರೆದು, ಒದ್ದೆ ಕರವಸ್ತ್ರದಿಂದ ಕಿವಿಯ ಹಿಂದೆ ಒರೆಸಿದಳು. ಹುಡುಗಿ ಕಚಗುಳಿಗೆ ಕುಣಿದು, ಮೊದಲ ಸಲ, ಆಟದ ಬಯಲಿನವರಿಗೂ ಕೇಳುವಂತೆ ನಕ್ಕಳು.

ಅವನ ಅಂಗಡಿ ಮನೆಗೆ ಎರಡು ನಿಲ್ದಾಣ ಮೊದಲು, ಬೇಕರಿಗೂ ಸೈಕಲ್ ಅಂಗಡಿಗೂ ನಡುವಿನ ಒಂದೇ ಬಾಗಿಲಿನ ಕೋಣೆ. ಸಂಜೆ ನಾಲ್ಕೂವರೆಗೆ ಅಲ್ಲಿಳಿದವಳು ರಸ್ತೆ ದಾಟದೆ ಎದುರಿನ ಔಷಧಿ ಅಂಗಡಿಯ ನೆರಳಿನಲ್ಲಿ ನಿಂತಳು. ಬಾಗಿಲ ಬೆಳಕಿಗೆ ಮುಖ ಮಾಡಿ ಅವನು ಒಂದು ಬೋರ್ಡಿನ ಮುಂದೆ ಸ್ಟೂಲಿನಲ್ಲಿ ಕೂತಿದ್ದ. ಹೌದು, ಮೀಸೆ ಇರಲಿಲ್ಲ. ಅಲ್ಲಿನ ಚರ್ಮ ಬೇರೆ ಬಣ್ಣ, ಬಹಳ ಕಾಲ ಫೋಟೋ ತೂಗಿದ್ದ ಗೋಡೆಯಂತೆ ಎಳೆಯದಾಗಿ, ಮೆತ್ತಗೆ. ಮೇಲ್ತುಟಿ ಇಷ್ಟು ತೆಳ್ಳಗಿತ್ತೇ ಇವನದು? ಮಗಳ ತುಟಿಯೇ ಅದು. ಮಗಳು ಯಾರ ಹಾಗೆ ನಗುತ್ತಾಳೆ ಎಂದು ಎಷ್ಟು ವರ್ಷ ನೆಂಟರಿಷ್ಟರೆಲ್ಲ ವಾದಿಸಿದ್ದರು. ಉತ್ತರ ಇಲ್ಲೇ ಮುಚ್ಚಿಟ್ಟಿತ್ತು. ಓಡಿಹೋಗಿ ಕೆನ್ನೆ ಹಿಂಡಬೇಕೆನಿಸುವಷ್ಟು ಅಕ್ಕರೆಯಾಗಿ ಒಂದು ಹೆಜ್ಜೆ ಮುಂದಿಟ್ಟಳು, ನಿಂತಳು. ಕುಂಚ ಬೋರ್ಡಿನ ಹತ್ತಿರ ಹೋಗಿ ತಾಗದೆ ಹಿಂದೆ ಬಂದಿತ್ತು. ಮತ್ತೆ ಹೋಯಿತು, ಮತ್ತೆ ಬಂತು. ಬಸ್ಸೊಂದು ಹಾದಾಗ ಅದು ಹೋಗಲಿ ಎಂಬಂತೆ ಕಾದ. ಬಸ್ಸು ಹೋಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ, ಒದ್ದಾಡುವ ಕೋಳಿಮರಿಯನ್ನು ಹಿಡಿದುಕೊಂಡವರ ಹಾಗೆ. ಹಿಡಿದರೂ ಕುಂಚದ ತುದಿ ನಡುಗುತ್ತಿತ್ತು. ಸೌತೆಕಾಯಿಯ ಹರಿದ ಅಂಚುಗಳು ಅವಳ ಕಣ್ಣ ಮುಂದೆ ಬಂದವು.

ರಸ್ತೆ ದಾಟಿ ಬಾಗಿಲಲ್ಲಿ ನಿಂತಳು. ಅವನು ತಲೆಯೆತ್ತಿ, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿ, "ಏನು ಟೀಚರೇ, ಅಂತೂ ಕಾಣ್ತಾ?" ಅಂದ.

ಮೊದಲ ದಿನವೇ ಕಂಡಿತ್ತು, ನೀವೆಷ್ಟು ದಿನ ಕಾಯ್ತೀರೋ ನೋಡೋಣ ಅಂತ ಸುಮ್ಮನಿದ್ದೆ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. "ಇಲ್ಲಾರೀ," ಅಂದಳು. "ಮಹಡಿ ನರ್ಸು ಹೇಳಿದ್ಲು. ನಂಗೆ ಕಾಣಲೇ ಇಲ್ಲ."

ಅವನು ನಕ್ಕ. ನಗು ಬರಿಯ ತುಟಿಯ ಮೇಲೆ ಮರೆಯಿಲ್ಲದೆ ಬಂದು, ನಿಜವಾಗಿಯೂ ನೋವಾಗಿದೆ ಎಂಬುದನ್ನೂ ಜೊತೆಗೇ ತಂದಿತು. ಅದನ್ನೂ ಅವಳು ಕಂಡಳು.

"ಆದ್ರೆ ಕೈ ನಾನೇ ನೋಡ್ದೆ," ಅಂದಳು. "ಅದನ್ನ ಯಾರೂ ಹೇಳ್ಲಿಲ್ಲ."

ಅವನು ಕುಂಚವನ್ನು ಡಬ್ಬಿಯ ಬಾಯಿಗೆ ಅಡ್ಡ ಇಟ್ಟ. ಪಕ್ಕದ ಅಂಗಡಿಯಲ್ಲಿ ಯಾರೋ ಟಯರಿಗೆ ಗಾಳಿ ಹೊಡೆಯುತ್ತಿದ್ದರು. ಬಣ್ಣ ಮೆತ್ತಿದ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ, "ಎಷ್ಟು ಹೊತ್ತಿಂದ ನಿಂತಿದ್ದೆ ಅಲ್ಲಿ?" ಎಂದು ಕೇಳಿದ.

"ಒಂದು ಬಸ್ಸು ಹೋಗೋ ಅಷ್ಟು ಹೊತ್ತು. ಎಷ್ಟು ದಿನದಿಂದ ಇದು?"

"ನಾಲ್ಕು ತಿಂಗಳಾಯ್ತೇನೋ. ಬೆಳಿಗ್ಗೆ ಅಷ್ಟಿರಲ್ಲ, ಸಂಜೆ ಜಾಸ್ತಿ. ಭಾನುವಾರ ಮೀಸೆ ಸರಿ ಮಾಡ್ಕೊಳ್ಳೋಕೆ ಕೂತೆ. ಎಡಗಡೆ ಚೂರು ಜಾಸ್ತಿ ಹೋಯ್ತು. ಬಲಗಡೆ ಸಮ ಮಾಡಿದೆ, ಅದು ಇನ್ನೂ ಜಾಸ್ತಿ ಹೋಯ್ತು. ಮತ್ತೆ ಎಡಗಡೆ. ಕೊನೆಗೆ ನೊಣ ಕೂತಷ್ಟು ಉಳೀತು ನೋಡು, ಮೂಗಿನ ಕೆಳಗೆ." ತೋರುಬೆರಳಿನಿಂದ ತೋರಿಸಿದ. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅವನೂ ನಕ್ಕು, "ಅದನ್ನೂ ತೆಗೆದು, ನಿಂಗೆ ಪರೀಕ್ಷೆ ಅಂತ ತಮಾಷೆ ಮಾಡ್ದೆ. ಮೀಸೆ ಎಲ್ಲಿ ಅಂತ ನೀನು ಕೇಳಿದ್ರೆ ಇದನ್ನೂ ಹೇಳ್ಬಿಡೋಣ ಅಂತಿದ್ದೆ. ನೀನು ಕೇಳ್ಲಿಲ್ಲ. ಒಂದು ಥರ ಒಳ್ಳೇದೇ ಆಯ್ತು ಅನ್ನಿಸ್ತು," ಅಂದ.

ಅವಳು ಬಣ್ಣದ ಡಬ್ಬಿಯೊಂದನ್ನು ಮಗುಚಿ ಹಾಕಿ ಅದರ ಮೇಲೆ ಕೂತು, ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಒಳಗೆ ಏನೋ ಸಣ್ಣಗೆ ಮಿಡಿಯುತ್ತಲೇ ಇತ್ತು. "ನಾಳೆ ರಜ ಹಾಕ್ತೀನಿ. ನರ್ಸು ಇರೋ ಆಸ್ಪತ್ರೆಗೇ ಹೋಗೋಣ."

"ಏನಾದ್ರೂ ದೊಡ್ಡದು ಅಂದ್ರೆ?"

"ಅಂದ್ರೆ ಇಬ್ರೂ ಕೇಳ್ಸಿಕೊಳ್ಳೋಣ."

ಅವನು ಕೈ ಬಿಡಿಸಿಕೊಳ್ಳದೆ ಬೋರ್ಡಿನ ಕಡೆ ಕತ್ತು ತಿರುಗಿಸಿದ. 'ಹೂವಿನ ಅಂಗಡಿ' ಎಂದಿತ್ತು, ಹಸಿರು ಹಿನ್ನೆಲೆಯಲ್ಲಿ ಹಳದಿ. ಬೆಳಿಗ್ಗೆ ಬರೆದ ಅಕ್ಷರಗಳು ಮೊಟ್ಟೆಯ ಹಾಗೆ ದುಂಡಗಿದ್ದವು. ಕೊನೆಯ 'ಡಿ' ಅರ್ಧಕ್ಕೆ ನಿಂತಿತ್ತು. "ಇದೊಂದು ಮುಗಿಸ್ಬಿಡ್ತೀನಿ, ನಾಳೆ ಬೆಳಿಗ್ಗೆ ಕೊಡ್ಬೇಕು. ನೀನು ಆ ಕಡೆ ನೋಡು," ಅಂದ. ಅವಳು ಆ ಕಡೆ ನೋಡಲಿಲ್ಲ. ಅವನು ಉಸಿರು ಹಿಡಿದು ಕುಂಚವನ್ನು ತಾಗಿಸಿ, ಅಕ್ಷರದ ಹೊಟ್ಟೆಯನ್ನು ತುಂಬಿ, ಅದರ ತಲೆಯ ಮೇಲಿನ ಗುಡಿಸನ್ನು ಸುತ್ತಿ, ಹಿಂದೆ ಸರಿದು, "ಹೇಗೆ ಬಂತು?" ಎಂದು ಕೇಳಿದ. ಇಷ್ಟು ವರ್ಷವೂ ಅವನು ಹೀಗೆ ಕೇಳಿದಾಗಲೆಲ್ಲ ಅವಳು ಒಲೆಯ ಮುಂದಿನಿಂದಲೋ ಪುಸ್ತಕದಿಂದಲೋ ತಲೆಯೆತ್ತದೆ, "ಚೆನ್ನಾಗಿದೇರೀ," ಅಂದುಬಿಟ್ಟಿದ್ದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಹತ್ತಿರ ಹೋಗಿ ನೋಡಿದಳು, ಎರಡು ಹೆಜ್ಜೆ ಹಿಂದೆ ಬಂದು ನೋಡಿದಳು.

"ಗುಡಿಸು ಬಲಕ್ಕೆ ವಾಲಿದೆ," ಅಂದಳು. "ಗ ಮತ್ತೆ ಡಿ ಮಧ್ಯೆ ಜಾಗಾನೂ ಜಾಸ್ತಿ ಆಯ್ತು."

ಅವನು ಅವಳನ್ನೇ ನೋಡಿದ. ಆಮೇಲೆ ಬೋರ್ಡು ನೋಡಿ, "ಹೌದಲ್ವಾ," ಅಂದ. ಸೀಮೆಎಣ್ಣೆಯ ಬಟ್ಟೆಯಿಂದ ಅಕ್ಷರವನ್ನು ಪೂರ್ತಿ ಒರೆಸಿ ಹಾಕಿದ. ಅವಳು ಡಬ್ಬಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಕೂತು ಅವನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದಳು. "ಹಿಡಿದುಕೋ, ತಳ್ಳಬೇಡ ಮತ್ತೆ," ಎನ್ನುತ್ತ ಅವನು ಕುಂಚವನ್ನು ಹಳದಿಯಲ್ಲಿ ಅದ್ದಿದ.